ಇವಿ3 ದೊಡ್ಡ ಮೋಟರ್ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತೆ? ತುಂಬಾ ಅರ್ಜೆಂಟ್

ಗಾಲಿಮುರಿದವರು (ಮಂಗಳವಾರ, ರಾತ್ರಿ 10:40)
ಎಲ್ಲರಿಗೂ ನಮಸ್ಕಾರ. ಲೆಗೊ ಮೈಂಡ್‌ಸ್ಟಾರ್ಮ್ಸ್ ಇವಿ3 ರೋಬೋ ಕಿಟ್ಟಿನ ದೊಡ್ಡ ಮೋಟರ್ ಒಂದು ಬೇಕು, ನಂಬರ್ 45502. ನಮ್ಮದು ಕೆಟ್ಟಿದೆ. ಸ್ಪರ್ಧೆಗೆ ಇನ್ನು ಹತ್ತೊಂಬತ್ತೇ ದಿನ. ಕಿಟ್ ಕೊಟ್ಟ ಅಂಗಡಿಗೆ ಫೋನ್ ಮಾಡಿದೆ. "ಅದು ನಿಂತುಹೋಗಿ ಕಾಲ ಆಯ್ತು, ಹೊಸ ಕಿಟ್ ತಗೊಳ್ಳಿ" ಅಂದರು. ಹೊಸ ಕಿಟ್ಟಿಗೆ ದುಡ್ಡಿದ್ದಿದ್ದರೆ ಮೋಟರ್ ಯಾಕೆ ಕೇಳುತ್ತಿದ್ದೆ? ಆನ್‌ಲೈನ್‌ನಲ್ಲಿ ಒಬ್ಬರು ಹಳೇ ಮೋಟರ್‌ಗೆ ಹೇಳಿದ ರೇಟು ಕೇಳಿ ಫೋನ್ ಇಟ್ಟುಬಿಟ್ಟೆ. ದಯವಿಟ್ಟು ಗೂಗಲ್ ಮಾಡಿ ಅನ್ನಬೇಡಿ. ಮಾಡಿ ಮಾಡಿ ಸಾಕಾಗಿದೆ.

ಬೆಸುಗೆಕಡ್ಡಿ (10:52)
ಸರ್, ಕೆಟ್ಟಿದೆ ಅಂದ್ರೆ ಏನಾಗಿದೆ? ತಿರುಗೋದೇ ಇಲ್ವಾ, ಗಿಯರ್ ಸದ್ದು ಬರುತ್ತಾ, ಸುಟ್ಟ ವಾಸನೆ ಇದೆಯಾ?

ಪವರ್‌ಪಾಂಡು (10:55)
ಬ್ಯಾಟರಿ. ನೂರಕ್ಕೆ ತೊಂಬತ್ತು ಕೇಸು ಬ್ಯಾಟರಿನೇ. ಮೋಟರ್‌ಗೆ ದುಡ್ಡು ಹಾಕಬೇಡಿ.

ಗಾಲಿಮುರಿದವರು (11:03)
ಬ್ಯಾಟರಿ ಅಲ್ಲ. ರಾತ್ರಿಯಿಡೀ ಚಾರ್ಜ್ ಮಾಡಿದ್ದೇವೆ. ಮೋಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅಷ್ಟೆ. ಎಲ್ಲಿ ಸಿಗುತ್ತೆ ಹೇಳಿ ಸಾಕು.

ಪವರ್‌ಪಾಂಡು (11:09)
ರಾತ್ರಿಯಿಡೀ ಚಾರ್ಜ್ ಮಾಡಿದರೆ ತುಂಬಿತು ಅಂತ ಯಾರು ಹೇಳಿದ್ದು? ನಿಮ್ಮದು 45501 ನಂಬರ್ ಬ್ಯಾಟರಿ ತಾನೇ? 2050 ಎಂಎಎಚ್ ಅನ್ನೋದು ಹೊಸದಿದ್ದಾಗಿನ ಮಾತು. ಬ್ಯಾಟರಿ ಹೊರಗೆ ತೆಗೆದು ತಳಕ್ಕೆ ಕೈಯಾಡಿಸಿ ನೋಡಿ. ಉಬ್ಬಿದ್ದರೆ ಅವತ್ತೇ ಎತ್ತಿಡಿ, ಮಕ್ಕಳ ಕೈಗೆ ಕೊಡಬೇಡಿ. ಅದರ ಬದಲು ಆರು ಡಬಲ್ ಎ ಸೆಲ್ ಹಾಕಿ ಓಡಿಸಿ.

ಪೇಟೆಸುತ್ತಾಟ (ಬುಧವಾರ, ಬೆಳಗ್ಗೆ 7:20)
ಎಸ್‌ಜೆಪಿ ರೋಡ್‌ಗೆ ಹೋಗಿ ಸರ್. ಅಲ್ಲಿ ಸಿಗದ ಎಲೆಕ್ಟ್ರಾನಿಕ್ಸ್ ಸಾಮಾನೇ ಇಲ್ಲ.

ಹಳೇಕಿಟ್ಟು (7:41)
ಎಸ್‌ಪಿ ರೋಡ್ ಅನ್ನಿ. ಸಾದರ ಪತ್ರಪ್ಪ ರಸ್ತೆ. ಎಸ್‌ಜೆಪಿ ಅಂದ್ರೆ ಸಿಲ್ವರ್ ಜ್ಯೂಬಿಲಿ ಪಾರ್ಕ್ ರಸ್ತೆ, ಅದೇ ಬೇರೆ.

ಪೇಟೆಸುತ್ತಾಟ (7:48)
ಇಪ್ಪತ್ತು ವರ್ಷದಿಂದ ಓಡಾಡ್ತಿದ್ದೀನಿ, ನನಗೆ ಗೊತ್ತು. ಎರಡೂ ಕೂಗಳತೆ ದೂರ. ಒಂದರಲ್ಲಿ ಸಿಗದಿದ್ದರೆ ಇನ್ನೊಂದಕ್ಕೆ ಕಳಿಸ್ತಾರೆ.

ಹಳೇಕಿಟ್ಟು (7:55)
ಕಳಿಸೋದೇನೋ ಕಳಿಸ್ತಾರೆ, ಆದರೆ ಲೆಗೊ ಮೋಟರ್ ಎರಡು ಕಡೆಯೂ ಸಿಗಲ್ಲ. ಆರ್ಡುಯಿನೊ ಬೇಕಾ, ಎಲ್293ಡಿ ಬೇಕಾ, ಹಳದಿ ಬಣ್ಣದ ಬಿಓ ಮೋಟರ್ ಬೇಕಾ, ಎಸ್‌ಪಿ ರೋಡ್‌ನಲ್ಲಿ ರಾಶಿ ರಾಶಿ ಇದೆ. ಇವಿ3 ಅಂದರೆ ಅಂಗಡಿಯವರು "ಯಾವ ಗಾಡಿಗೆ ಸರ್?" ಅಂತ ಕೇಳ್ತಾರೆ. ಇವಿ3 ಬಂದಿದ್ದು 2013ರಲ್ಲಿ. 2022ರ ಕೊನೆಗೆ ಲೆಗೊ ಮೈಂಡ್‌ಸ್ಟಾರ್ಮ್ಸ್ ಸಾಲನ್ನೇ ನಿಲ್ಲಿಸಿತು. ಈಗ ಓಡಾಡ್ತಿರೋದು ಮನೆಯ ಅಟ್ಟದ ಮೇಲಿನ ಸ್ಟಾಕ್ ಮಾತ್ರ. ನನ್ನ ಹತ್ತಿರ ಮೂರು ಇವಿ3 ಬ್ರಿಕ್ (ರೋಬೋದ ಮಿದುಳಿನಂಥ ಡಬ್ಬ) ಇದೆ. ಒಂದರಲ್ಲಿ ಮೆಮೊರಿ ಕಾರ್ಡಿನಿಂದ ಇವಿ3ಡೆವ್ ಲಿನಕ್ಸ್ ಓಡಿಸ್ತೀನಿ. ಮೈಂಡ್‌ಸ್ಟಾರ್ಮ್ಸ್‌ನ ಮೊದಲ ಬ್ರಿಕ್, 1998ರ ಆರ್‌ಸಿಎಕ್ಸ್ ಕೂಡ ಇದೆ, ಡಬ್ಬ ಸಮೇತ. ಹಳದಿ ಬ್ರಿಕ್ಕು ಇವತ್ತಿಗೂ ಆನ್ ಆಗುತ್ತೆ.

ಬೆಸುಗೆಕಡ್ಡಿ (8:10)
ಫೋಟೊ ಹಾಕಿ ಗುರು!!

ಪವರ್‌ಪಾಂಡು (8:12)
ಸೆಲ್ ಹಾಕಿ ನೋಡಿದ್ರಾ?

ಗಾಲಿಮುರಿದವರು (ಸಂಜೆ 5:35)
ಮೊದಲನೆಯದಾಗಿ ನಾನು ಸರ್ ಅಲ್ಲ, ಮೇಡಂ. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ತಂಡದಲ್ಲಿ ಏಳು ಮಕ್ಕಳಿದ್ದಾರೆ. ಸೆಲ್ ಹಾಕಿ ನೋಡಿದೆವು, ಅದೇ ಕಥೆ. ಬಲಗಡೆ ಚಕ್ರ ನಿಲ್ಲೋದೇ ಇಲ್ಲ, ರೋಬೋ ಗಿರಗಿರ ಸುತ್ತುತ್ತೆ.

ಪವರ್‌ಪಾಂಡು (5:38)
ಯಾವ ಸೆಲ್? ಗೋಡೆ ಗಡಿಯಾರಕ್ಕೆ ಹಾಕೋದಾ? ಆಲ್ಕಲೈನ್ ಇರಬೇಕು ಮೇಡಂ. ಗಡಿಯಾರದ ಸೆಲ್‌ಗೆ ಎರಡು ಮೋಟರ್ ಎಳೆಯೋ ತಾಕತ್ತು ಇರಲ್ಲ.

ತಂತಿಬೇಲಿ (6:02)
ಪಾಂಡು ಅವರೇ, ಒಂದು ನಿಮಿಷ ಬಿಡಿ. ಮೇಡಂ, "ನಿಲ್ಲೋದೇ ಇಲ್ಲ" ಅಂದ್ರಲ್ಲ, ಈ ಮಾತು ಮೊದಲೇ ಬರಬೇಕಿತ್ತು. ಕೆಟ್ಟ ಮೋಟರ್ ತಿರುಗಲ್ಲ. ನಿಮ್ಮದು ತಿರುಗಿ ತಿರುಗಿ ಸುಸ್ತಾಗ್ತಿದೆ! ಹೀಗೆ ಮಾಡಿ: ಬ್ರಿಕ್‌ನಲ್ಲಿ ಪೋರ್ಟ್ ವ್ಯೂ (ಮೋಟರ್, ಸೆನ್ಸರ್‌ಗಳ ಲೆಕ್ಕ ತೋರಿಸೋ ಪರದೆ) ತೆರೆಯಿರಿ. ಬಲಗಡೆ ಮೋಟರ್ ಇರೋ ಪೋರ್ಟಿಗೆ ಹೋಗಿ. ಆ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. 360 ಡಿಗ್ರಿ ಹತ್ತಿರ ಬರಬೇಕು. ಏನು ಬರುತ್ತೆ ಬರೀರಿ.

ಬೆಸುಗೆಕಡ್ಡಿ (6:15)
ಅಥವಾ ಮೋಟರ್ ಬಿಚ್ಚಿ ಒಳಗಿನ ಎನ್‌ಕೋಡರ್ (ಸುತ್ತು ಎಣಿಸೋ) ಬೋರ್ಡ್ ರೀಸೋಲ್ಡರ್ ಮಾಡಿ. ನಾನು ಎರಡು ಮಾಡಿದ್ದೀನಿ.

ಹಳೇಕಿಟ್ಟು (6:21)
ಯಾವ ಸ್ಪರ್ಧೆ ಅಂತ ಕೇಳದೆ ಬಿಚ್ಚಿಸಬೇಡಿ ಮಾರಾಯ್ರೆ. ಫಸ್ಟ್ ಲೆಗೊ ಲೀಗ್ ಆದರೆ ಎಲ್ಲ ಭಾಗವೂ ಲೆಗೊದವರೇ ಮಾಡಿದ್ದು ಇರಬೇಕು, ಫ್ಯಾಕ್ಟರಿಯಿಂದ ಬಂದ ಹಾಗೇ ಇರಬೇಕು. ದಾರ, ಟ್ಯೂಬು ಬಿಟ್ಟು ಏನನ್ನೂ ಕತ್ತರಿಸೋ ಹಾಗಿಲ್ಲ.

ಬೆಸುಗೆಕಡ್ಡಿ (6:24)
ಜಡ್ಜು ಮೋಟರ್ ಒಳಗೆ ಕಣ್ಣು ಹಾಕ್ತಾರಾ?

ಹಳೇಕಿಟ್ಟು (6:26)
ಜಡ್ಜು ನೋಡಲ್ಲ, ಮಕ್ಕಳು ನೋಡ್ತಾರೆ.

ಗಾಲಿಮುರಿದವರು (ಗುರುವಾರ, ಮಧ್ಯಾಹ್ನ 1:15)
ಫಸ್ಟ್ ಲೆಗೊ ಲೀಗೇ. ಹೇಳಿದ್ದೆ ಅಂದುಕೊಂಡಿದ್ದೆ. ಊಟದ ಬಿಡುವಿನಲ್ಲಿ ಪೋರ್ಟ್ ವ್ಯೂ ನೋಡಿದೆವು. ಎಡಗಡೆ 358 ಬಂತು. ಬಲಗಡೆ ಎಷ್ಟು ತಿರುಗಿಸಿದರೂ 0, 1, 0, 1 ಅಂತ ಅಲ್ಲೇ ನಡುಗುತ್ತೆ. ಹಾಗಾದರೆ ಮೋಟರ್ ಹೋಗಿದೆ ಅಂತ ತಾನೇ?

ತಂತಿಬೇಲಿ (1:40)
ಇನ್ನೂ ಇಲ್ಲ. ಕೇಬಲ್‌ನೊಳಗೆ ಆರು ತಂತಿ ಇವೆ. ಬಿಳಿ, ಕಪ್ಪು ಮೋಟರ್ ಓಡಿಸೋದು. ಕೆಂಪು ಗ್ರೌಂಡ್, ಹಸಿರು ಸಪ್ಲೈ. ಹಳದಿ, ನೀಲಿ ಎರಡೂ ಎಷ್ಟು ತಿರುಗಿತು, ಯಾವ ಕಡೆಗೆ ತಿರುಗಿತು ಅಂತ ವಾಪಸ್ ಹೇಳೋದು. ಈ ಎರಡರಲ್ಲಿ ಒಂದು ಕಡಿದರೆ ಎಣಿಕೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಆಗುತ್ತೆ. ಮೋಟರ್ ಓಡ್ತಾನೇ ಇರುತ್ತೆ, ಬ್ರಿಕ್‌ಗೆ ಮಾತ್ರ ಅದು ನಿಂತಲ್ಲೇ ಇದೆ ಅಂತ ಕಾಣುತ್ತೆ. ಅದಕ್ಕೇ ಇನ್ನೂ ಜಾಸ್ತಿ ಪವರ್ ತಳ್ಳುತ್ತೆ. ಎಡಗಡೆ ಕೇಬಲ್ ತೆಗೆದು ಬಲಗಡೆ ಮೋಟರ್‌ಗೆ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ಗಾಲಿಮುರಿದವರು (ಸಂಜೆ 4:50)
ಅಯ್ಯೋ. ಬಲಗಡೆ 361 ಬಂತು. ಮೋಟರ್‌ಗೆ ಏನೂ ಆಗಿಲ್ಲ! ಕೆಟ್ಟ ಕೇಬಲ್ಲನ್ನು ಪ್ಲಗ್ ಹತ್ತಿರ ಬೆರಳಲ್ಲಿ ಒತ್ತಿ ಹಿಡಿದರೆ ನಂಬರ್ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ. ಮಕ್ಕಳು ಅದನ್ನು ಮಡಚಿ ಮಡಚಿ ಬ್ರಿಕ್ ಕೆಳಗೆ ತುರುಕಿದ್ದರು, ರಬ್ಬರ್ ಬ್ಯಾಂಡ್ ಬೇರೆ. ಸರಿ, ಈಗ ಕೇಬಲ್ ಎಲ್ಲಿ ಸಿಗುತ್ತೆ? ಕಿಟ್‌ನಲ್ಲಿದ್ದ ಬೇರೆ ಕೇಬಲ್‌ಗಳೆಲ್ಲ ಸೆನ್ಸರ್‌ಗಳಿಗೆ ಹೋಗಿವೆ. ಒಂದೂ ಸ್ಪೇರ್ ಇಲ್ಲ.

ಪೇಟೆಸುತ್ತಾಟ (5:05)
ಅದು ಲ್ಯಾಂಡ್‌ಲೈನ್ ಫೋನ್ ವೈರ್ ಥರಾನೇ ಅಲ್ವಾ? ಎಸ್‌ಜೆಪಿ ರೋಡ್‌ನಲ್ಲಿ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ.

ಹಳೇಕಿಟ್ಟು (5:11)
ಎಸ್‌ಪಿ.

ಮತ್ತೆ ಅದು ಫೋನ್ ವೈರ್ ಅಲ್ಲ. ಪ್ಲಗ್ಗಿನ ಕೊಕ್ಕೆ ಮಧ್ಯದಲ್ಲಿ ಇರಲ್ಲ, ಒಂದು ಪಕ್ಕಕ್ಕೆ ಸರಿದಿದೆ. ಫೋನ್ ಪ್ಲಗ್ ಒಳಗೆ ಹೋಗಲ್ಲ. ಕೊಕ್ಕೆ ಕತ್ತರಿಸಿ ಪಕ್ಕಕ್ಕೆ ಅಂಟಿಸೋರು ಇದ್ದಾರೆ. ಮನೆಯಲ್ಲಿ ಆಟಕ್ಕೆ ಸರಿ, ಈ ಸ್ಪರ್ಧೆಗೆ ನಡೆಯಲ್ಲ. ಒರಿಜಿನಲ್ ಪ್ಯಾಕ್ ನಂಬರ್ 45514. ಅದರಲ್ಲಿ 25 ಸೆಂಟಿಮೀಟರ್‌ನವು ನಾಲ್ಕು, 35ರವು ಎರಡು, 50ರದು ಒಂದು ಇರುತ್ತಿತ್ತು. ಈಗ ಅದೂ ನಿಂತಿದೆ.

ತಂತಿಬೇಲಿ (5:30)
ಮೇಡಂ, ಇವಿ3 ಅಂತ ಹುಡುಕಬೇಡಿ, ಎನ್‌ಎಕ್ಸ್‌ಟಿ ಅಂತ ಹುಡುಕಿ. ಇವಿ3ಗಿಂತ ಹಿಂದಿನ, 2006ರ ಲೆಗೊ ಕಿಟ್ಟು, ಕೇಬಲ್ ಅದೇ. ಎನ್‌ಎಕ್ಸ್‌ಟಿ ಮೋಟರ್ ಕೂಡ ಇವಿ3 ಬ್ರಿಕ್‌ನಲ್ಲಿ ಓಡುತ್ತೆ, ಆಕಾರ ಬೇರೆ ಇರೋದರಿಂದ ಚೌಕಟ್ಟು ಮತ್ತೆ ಕಟ್ಟಬೇಕಾಗುತ್ತೆ ಅಷ್ಟೆ. ಮಾರೋರಿಗೆ ಅದರ ಬೆಲೆ ಗೊತ್ತಿರಲ್ಲ, ಬೂದು ಬಣ್ಣದ ಹಳೇ ಆಟಿಕೆ ಅಂದುಕೊಂಡಿರ್ತಾರೆ. ನಿಮ್ಮ ಶಾಲೆಯ ಲ್ಯಾಬ್ ಬೀರುವಿನ ಮೇಲೂ ಒಮ್ಮೆ ನೋಡಿ. ಸುಮಾರು ಶಾಲೆಗಳಲ್ಲಿ ಒಂದು ಡಬ್ಬ ಧೂಳು ಹಿಡಿದು ಕೂತಿರುತ್ತೆ.

ಬೆಸುಗೆಕಡ್ಡಿ (5:44)
ಭಾನುವಾರದ ಚೋರ್ ಬಜಾರ್‌ನಲ್ಲಿ ನನಗೆ ಒಂದು ಎನ್‌ಎಕ್ಸ್‌ಟಿ ಬ್ರಿಕ್ ಸಿಕ್ಕಿತ್ತು, ಹೇರ್ ಡ್ರೈಯರ್ ಮತ್ತು ಇಸ್ತ್ರಿ ಪೆಟ್ಟಿಗೆ ಮಧ್ಯೆ. ಬೆಳಗ್ಗೆ ಬೇಗ ಹೋಗಬೇಕು. ಅದರ ಜೊತೆಗೆ ಈಗ ನನ್ನ ಬೆಂಚಿನಲ್ಲಿ ಆಸಿಲೋಸ್ಕೋಪು, ಹಾಟ್ ಏರ್ ಸ್ಟೇಷನ್ನು...

ಹಳೇಕಿಟ್ಟು (6:20)
ಬೆಂಚಿನ ಕಥೆ ಆಮೇಲೆ ಹೇಳಿ. ಮೇಡಂ, ನನ್ನ ಡಬ್ಬದಲ್ಲಿ 35ರದು ಎರಡು ಕೇಬಲ್ ಸುಮ್ನೆ ಬಿದ್ದಿವೆ. ದುಡ್ಡು ಬೇಡ. ಶನಿವಾರ ವಿಜಯನಗರ ಮೆಟ್ರೊ ಹತ್ತಿರ ಬರೋಕಾಗುತ್ತಾ? ವಿವರ ಮೆಸೇಜ್ ಮಾಡ್ತೀನಿ. ಒಂದೇ ಷರತ್ತು, ಪ್ಲಗ್ ಬುಡದಲ್ಲಿ ಮಡಚಬಾರದು. ದೊಡ್ಡ ಸುತ್ತು ಬಿಟ್ಟು ಕಟ್ಟಿಸಿ.

ಗಾಲಿಮುರಿದವರು (ಶನಿವಾರ, ರಾತ್ರಿ 8:05)
ಸಿಕ್ಕಿತು. ಹಾಕಿ ಓಡಿಸಿದೆವು. ನೇರ ಹೋಗಿ ಗೆರೆ ಮೇಲೆ ನಿಂತಾಗ ಮಕ್ಕಳು ಮೇಜು ಗುದ್ದಿದ್ದಕ್ಕೆ ಅರ್ಧ ಮಾಡೆಲ್ ಬಿದ್ದುಹೋಯಿತು. ಹಳೇಕಿಟ್ಟು ಸರ್, ತಂತಿಬೇಲಿ ಸರ್, ತುಂಬಾ ಥ್ಯಾಂಕ್ಸ್. ಇನ್ನೊಂದು ಮಾತು: ಸುಮ್ನೆ ನಿಂತಿದ್ದರೂ ಗೈರೊ (ಎಷ್ಟು ತಿರುಗಿತು ಅಂತ ಅಳೆಯೋ ಸೆನ್ಸರ್) ನಂಬರ್ ಏರ್ತಾನೇ ಇದೆ. ಇದು ಯಾಕೆ?

ತಂತಿಬೇಲಿ (8:20)
ಆನ್ ಮಾಡುವಾಗ ಯಾರೋ ರೋಬೋನ ಕೈಯಲ್ಲಿ ಹಿಡಿದಿರ್ತಾರೆ, ಆಗ ಅಲುಗಿದರೆ ಗೈರೊ ಲೆಕ್ಕ ತಪ್ಪುತ್ತೆ. ನೆಲದ ಮೇಲಿಟ್ಟು, ಮುಟ್ಟದೆ, ಗೈರೊ ಕೇಬಲ್ ಕಿತ್ತು ಮತ್ತೆ ಹಾಕಿ.

ಪವರ್‌ಪಾಂಡು (8:31)
ನೀವು ಕೊನೆಗೂ ಆಲ್ಕಲೈನ್ ಸೆಲ್ ಹಾಕಿ ನೋಡಲೇ ಇಲ್ಲ.

ಹೊಸಬ_ಮೈಸೂರು (ಭಾನುವಾರ, ಬೆಳಗ್ಗೆ 6:50)
ಹಳೇಕಿಟ್ಟು ಸರ್, 50 ಸೆಂಟಿಮೀಟರ್ ಕೇಬಲ್ ಇದ್ದರೆ ಒಂದು ನನಗೂ ಬೇಕಿತ್ತು. ಮೈಸೂರಿಗೆ ಕೊರಿಯರ್ ಮಾಡ್ತೀರಾ? ಆ ಆರ್‌ಸಿಎಕ್ಸ್ ಮಾರೋದಾದರೂ ಹೇಳಿ.