ಅಡ್ವಾನ್ಸ್ ಕೊಡುವ ಮುಂಚೆ ಚೇಂಬರ್ ತೆಗೆಸು

‘ಅಜ್ಜಿ ಮನೆ ಬಳಗ’ ಗುಂಪು, ಶನಿವಾರ ಬೆಳಿಗ್ಗೆ

ಸುಮಿ ಅತ್ತೆ (ಹಲವು ಬಾರಿ ಫಾರ್ವರ್ಡ್ ಆಗಿದೆ): ⚠️ ಎಚ್ಚರ! ನಿಮ್ಮ ಮನೆ ಕೆಳಗಿನ ಯೂಜಿಡಿ (ಒಳಚರಂಡಿ) ಪೈಪ್ ಒಡೆದಿರಬಹುದು! ಪ್ರತಿ ಮನೆಯವರೂ ವರ್ಷಕ್ಕೊಮ್ಮೆ ಕ್ಯಾಮೆರಾ ಬಿಟ್ಟು ಪರೀಕ್ಷೆ ಮಾಡಿಸಲೇಬೇಕು! ಇಲ್ಲದಿದ್ದರೆ ಪಾಯವೇ ಕುಸಿಯಬಹುದು!! ಕನಿಷ್ಠ 10 ಜನರಿಗೆ ಕಳಿಸಿ 🙏

ದೊಡ್ಡಮಾವ: ಬೆಳಿಗ್ಗೆ ಬೆಳಿಗ್ಗೆ ಕಕ್ಕಸಿನ ಸುದ್ದಿ. ಕಾಫಿ ಕುಡಿಯುತ್ತಿದ್ದೇನೆ.

ದೊಡ್ಡಮಾವ: ನಮ್ಮ ಮನೆ ಕಟ್ಟಿ 26 ವರ್ಷ. ಒಂದು ದಿನ ಕಟ್ಟಿಕೊಂಡಿಲ್ಲ. 40 ಅಡಿಗೆ 1 ಅಡಿ ವಾಟ ಕೊಟ್ಟು ನಾನೇ ನಿಂತು ಹಾಕಿಸಿದ ಲೈನು. ಕ್ಯಾಮೆರಾ ಅಂತೆ. ಮದುವೆ ಮನೆಯಾ ಅದು?

ಸುಮಿ ಅತ್ತೆ: ನನಗೆ ಬಂತು, ಕಳಿಸಿದೆ ಅಷ್ಟೆ.

ನಾನು: ವರ್ಷಕ್ಕೊಮ್ಮೆ ಅನ್ನುವುದು ಸುಮ್ನೆ ಹೆದರಿಸುವುದು. ಆದರೆ ಪುಟ್ಟ ಇದನ್ನು ಓದಬೇಕು. ಪುಟ್ಟ, ಜಯನಗರದ ಮನೆಗೆ ಅಡ್ವಾನ್ಸ್ ಕೊಟ್ಟೆಯಾ?

ಪುಟ್ಟ: ಸೋಮವಾರ ಚೆಕ್ ಕೊಡಬೇಕು. ಲಾಯರ್ ಪತ್ರ ಎಲ್ಲ ನೋಡಿದ್ದಾರೆ. ಇಸಿ, ಖಾತಾ, ತೆರಿಗೆ ಸರಿ ಇದೆ.

ನಾನು: ಯೂಜಿಡಿ ಲೈನು?

ಪುಟ್ಟ: ಫ್ಲಶ್ ಮಾಡಿ ನೋಡಿದೆ. ಹೋಯಿತು.

ಭಾವ (ಓಹಾಯೋ): ನಾನೂ ಹಾಗೇ ನೋಡಿದ್ದೆ. ಇಲ್ಲಿ ಮನೆ ಕೊಳ್ಳುವಾಗಿನ ಸಾಮಾನ್ಯ ತಪಾಸಣೆಯಲ್ಲಿ ಈ ಲೈನು ಸೇರಿರಲಿಲ್ಲ. ಬೇರೆ ಹೇಳಿ ಮಾಡಿಸಬೇಕಿತ್ತು, ನಾನು ಮಾಡಿಸಲಿಲ್ಲ. 1950ರ ಮನೆ, ಮಣ್ಣಿನ ಪೈಪು, ಎದುರಿಗೆ ಮೇಪಲ್ ಮರ. ಎರಡನೇ ಚಳಿಗಾಲಕ್ಕೆ ಬೇಸ್‌ಮೆಂಟಿನಲ್ಲಿ ಕೆರೆ. ನಮ್ಮೂರಲ್ಲಿ ರಸ್ತೆಯ ಮುಖ್ಯ ಲೈನಿಗೆ ಸೇರುವ ತನಕ ಮನೆಯವನದೇ ಖರ್ಚು.

ದೊಡ್ಡಮಾವ: ಅಮೆರಿಕದ ಮಾತು ಬೇರೆ. ಜಯನಗರದಲ್ಲಿ ಬೇಸ್‌ಮೆಂಟೂ ಇಲ್ಲ, ಮೇಪಲ್ಲೂ ಇಲ್ಲ.

ನಾನು: ಹೊಂಗೆ ಇದೆಯಲ್ಲ ಮಾವ. ಪುಟ್ಟ ನೋಡಿರುವುದು 1974ರ ಮನೆ. ನಿಮ್ಮದು ಪಿವಿಸಿ. ಅಲ್ಲಿರುವುದು ಸ್ಟೋನ್‌ವೇರ್, ಸುಟ್ಟ ಮಣ್ಣಿನ ಪೈಪು. ಎರಡೆರಡು ಅಡಿ ತುಂಡು, ನಡುವೆ ಸಿಮೆಂಟ್ ಬೆಸುಗೆ. ಪೈಪಿಗಿಂತ ಮೊದಲು ಬೆಸುಗೆ ಬಿಡುತ್ತದೆ. ನೆಲ ಸ್ವಲ್ಪ ಕುಸಿದರೂ ಸಾಕು. ಅಲ್ಲಿಂದ ತೇವ ಹೊರಗೆ ಬರುತ್ತದೆ, ತೇವ ಹುಡುಕಿಕೊಂಡು ಬೇರು ಒಳಗೆ ಹೋಗುತ್ತದೆ. ಮೈಸೂರಿನ ನಮ್ಮ ಮನೆಯಲ್ಲಿ ತೆಗೆಸಿದ್ದು ನೆನಪಿದೆಯಾ? ಮೊಳದುದ್ದದ ಜಡೆ. ಪೈಪಿನ ಅಚ್ಚಿನಂತೆ ಗುಂಡಗೆ ಹೆಣೆದುಕೊಂಡಿತ್ತು. ನಡುವೆ ಒಂದು ಶಾಂಪೂ ಪೊಟ್ಟಣ, ಹಸಿರು ಬಣ್ಣ ಕೂಡ ಮಾಸಿರಲಿಲ್ಲ.

ಸುಮಿ ಅತ್ತೆ: ಫೋಟೊ ಹಾಕಬೇಡ. ಇಲ್ಲಿ ದೋಸೆ ಹುಯ್ಯುತ್ತಿದ್ದೇನೆ.

ದೊಡ್ಡಮಾವ: ಕಟ್ಟಿಕೊಂಡಾಗ ನೋಡಿದರಾಯಿತು. 500 ರೂಪಾಯಿ ಕೊಟ್ಟರೆ ಒಬ್ಬ ಬಂದು ಇಳಿದು ತೆಗೆಯುತ್ತಾನೆ.

ಪಚ್ಚು: ದೊಡ್ಡಪ್ಪ, ಹಾಗೆಲ್ಲ ಬರಿಮೈಯಲ್ಲಿ ಇಳಿಸುವಂತಿಲ್ಲ. 2013ರ ಕಾನೂನಿನಲ್ಲಿ ಇಳಿಸಿದವರಿಗೆ 2 ವರ್ಷದ ತನಕ ಜೈಲು. ಒಳಗೆ ಇಳಿದು ಸತ್ತವರ ಮನೆಗೆ ಕೊಡುವ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಇನ್ನೂ ಸಾಯುತ್ತಿದ್ದಾರೆ ಅಂತಲೇ ಅಲ್ವಾ?

ದೊಡ್ಡಮಾವ: ನಾನು ಹಿಂದಿನ ಕಾಲದ ಮಾತು ಹೇಳಿದೆ.

ಪಚ್ಚು: ‘ತೆಗೆಯುತ್ತಾನೆ’ ಅಂದಿರಿ. ‘ತೆಗೆಯುತ್ತಿದ್ದ’ ಅನ್ನಲಿಲ್ಲ.

ಅಜ್ಜ: ಬಸವಲಿಂಗಪ್ಪ ಮಂತ್ರಿ ಆಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅರಸು ಕಾಲ. ನಾನು ಆಗ ಕೆಲಸದಲ್ಲಿದ್ದೆ. ಇನ್ನೂ ಇದೇ ಮಾತಾ ನಿಮ್ಮದು

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಅಜ್ಜ ಈ ಗುಂಪಿನಲ್ಲಿ ಬರೆಯುವುದು ಯುಗಾದಿಗೆ, ದೀಪಾವಳಿಗೆ ಅಷ್ಟೆ.)

ಪುಟ್ಟ: ಸರಿ. ಈಗ ನಾನು ಏನು ನೋಡಲಿ?

ನಾನು: ಮೊದಲು ಚೇಂಬರ್ ಮುಚ್ಚಳ ತೆಗೆಸು, ಯೂಜಿಡಿ ಲೈನು ನೋಡಲು ಅಂಗಳದಲ್ಲಿ ಇರುವ ಗುಂಡಿ. ತೆಗೆದ ಕೂಡಲೇ ಬಗ್ಗಬೇಡ, ಗಾಳಿ ಹೋಗಲಿ. ಆಮೇಲೆ ಮಹಡಿ ಮೇಲಿನ ಕಮೋಡಿಗೆ ಒಬ್ಬರು ಎರಡು ಬಕೆಟ್ ನೀರು ಸುರಿಯಲಿ, ಬಟ್ಟೆಗೆ ಹಾಕುವ ನೀಲಿ ಕಲಸಿ. ನೀಲಿ ಸರಾಗವಾಗಿ ಬಂದು ಹೋದರೆ ಒಳ್ಳೆಯದು. ಚೇಂಬರಿನಲ್ಲೇ ನಿಂತು ನಿಧಾನ ಇಳಿದರೆ ಮುಂದೆ ಏನೋ ಅಡ್ಡ ಇದೆ. ಸುರಿದದ್ದರಲ್ಲಿ ಅರ್ಧವೇ ಬಂದರೆ ನಡುವೆ ಎಲ್ಲೋ ಇಂಗುತ್ತಿದೆ.

ನಾನು: ಚೇಂಬರಿನ ಗೋಡೆಯನ್ನೂ ನೋಡು. ಒಂದಡಿ ಮೇಲೆ ಕಪ್ಪು ಗೆರೆ ಇದ್ದರೆ ಕೊಳಕು ಅಲ್ಲಿ ತನಕ ನಿಂತಿತ್ತು ಅಂತ ಲೆಕ್ಕ. ಒಂದೇ ಸಿಂಕು ಕಟ್ಟಿದ್ದರೆ ತಲೆ ಕೆಡಿಸಿಕೊಳ್ಳಬೇಡ. ಮೇಲೆ ಫ್ಲಶ್ ಮಾಡಿದಾಗ ಕೆಳಗಿನ ಬಚ್ಚಲು ಗೊಳಗೊಳ ಅಂದರೆ ಮುಖ್ಯ ಲೈನಿನದೇ ತೊಂದರೆ. ಸಂಪ್ ಎಲ್ಲಿದೆ?

ಪುಟ್ಟ: ಗೇಟ್ ಪಕ್ಕ. ಯೂಜಿಡಿ ಹೊರಗೆ ಹೋಗುವುದೂ ಅದೇ ಕಡೆ ಇರಬೇಕು.

ನಾನು: ಹಾಗಾದರೆ ಸಂಪಿನ ನೀರು ಒಂದು ಲೋಟ ತೆಗೆದು ಮೂಸಿ ನೋಡು. ಸೋರುವ ಪೈಪಿನ ಪಕ್ಕ ಬಿರುಕು ಬಿಟ್ಟ ಸಂಪ್ ಇದ್ದರೆ ಕುಡಿಯುವ ನೀರಿಗೇ ಬರುತ್ತದೆ. ವಾಸನೆ ಬಂದರೆ ಮರು ಮಾತಿಲ್ಲ, ಕ್ಯಾಮೆರಾ ಬಿಡಿಸು.

ಭಾವ (ಓಹಾಯೋ): ಕ್ಯಾಮೆರಾಗೆ ಮುಂಚೆ ಜೆಟ್ (ಜೋರು ಒತ್ತಡದ ನೀರು) ಹೊಡೆಸಿ. ಪೈಪ್ ತುಂಬ ಕೊಳಕು ನೀರಿದ್ದರೆ ಏನೂ ಕಾಣುವುದಿಲ್ಲ. ನಾನು 200 ಡಾಲರ್ ಕೊಟ್ಟು ಕಪ್ಪು ಪರದೆ ನೋಡಿದವನು. ವಿಡಿಯೊ ಇಸಕೊಳ್ಳಿ. ಎಷ್ಟನೇ ಅಡಿ ಎಂದು ಮೂಲೆಯಲ್ಲಿ ಕಾಣಬೇಕು. ಇಲ್ಲದಿದ್ದರೆ ಎಲ್ಲಿ ಅಗೆಯುತ್ತೀರಿ?

ಚಿಕ್ಕಮ್ಮ: ನಮ್ಮದು ಮಳೆ ಬಂದಾಗ ಮಾತ್ರ ಉಕ್ಕುತ್ತದೆ. ನಮ್ಮ ಪೈಪೂ ಹೋಗಿದೆಯಾ?

ನಾನು: ತಾರಸಿ ನೀರು ಎಲ್ಲಿಗೆ ಬಿಟ್ಟಿದ್ದೀರಿ ಚಿಕ್ಕಮ್ಮ?

ಚಿಕ್ಕಮ್ಮ: ಚೇಂಬರಿಗೇ. ಕಟ್ಟಿದಾಗಿನಿಂದ.

ನಾನು: ಅದೇ ಕಾರಣ ಇರಬೇಕು. ಯೂಜಿಡಿ ಮಳೆ ನೀರಿಗೆ ಮಾಡಿದ್ದಲ್ಲ. ಬೀದಿಯವರೆಲ್ಲ ಹಾಗೇ ಬಿಟ್ಟರೆ ಮ್ಯಾನ್‌ಹೋಲ್ ತುಂಬಿ ತಗ್ಗಿನ ಮನೆಗೆ ವಾಪಸ್ ಬರುತ್ತದೆ. ಮೊದಲು ತಾರಸಿ ಪೈಪ್ ಬಿಡಿಸಿ ಮಳೆಕೊಯ್ಲಿಗೆ ತಿರುಗಿಸಿ. ನಿಮ್ಮದು 40-60 ಸೈಟು, 2009ರ ಕಾನೂನಿನಿಂದ ಹೇಗೂ ಕಡ್ಡಾಯ. ಆಮೇಲೂ ಉಕ್ಕಿದರೆ ರಸ್ತೆಯ ಲೈನು ನೋಡಬೇಕು, ಬೆಂಗಳೂರು ಜಲಮಂಡಳಿಗೆ 1916 ಒತ್ತಿ.

ದೊಡ್ಡಮಾವ: ಅಂದರೆ ಕ್ಯಾಮೆರಾ ಬೇಡ ಅಂತ ನೀನೂ ಒಪ್ಪಿದೆ.

ನಾನು: ನಿಮಗೆ ಬೇಡ. ಚಿಕ್ಕಮ್ಮನಿಗೆ ಈಗಲೇ ಬೇಡ. ಪುಟ್ಟನಿಗೆ ಬೇಕು. ಹಳೇ ಪೈಪು, ಪಕ್ಕದಲ್ಲಿ ಮರ, ದುಡ್ಡು ಇನ್ನೂ ಅವನ ಕೈಯಲ್ಲೇ ಇದೆ. ಸೋಮವಾರ ಕಳೆದರೆ ಆ ಬೇರೂ ಅವನದೇ.

ನಾನು: ಇನ್ನೊಂದು. ಕೆಳಗೆ ಹೊಸ ಟೈಲ್ಸ್ ಹಾಕಿಸಿದ್ದಾರೆ ಅಂದೆಯಲ್ಲ. ಕೆಲಸದವರು ಸಂಜೆ ಸಿಮೆಂಟ್ ಬಾಂಡ್ಲಿ ತೊಳೆಯುವುದು ಬಚ್ಚಲಲ್ಲೇ. ಆ ಸಿಮೆಂಟ್ ಹಾಲು ಪೈಪಿನ ತಳದಲ್ಲಿ ಕೂತು ಕಲ್ಲಾಗುತ್ತದೆ. ಜೆಟ್ಟಿಗೂ ಜಗ್ಗುವುದಿಲ್ಲ. ನಮ್ಮ ಮನೆಯಲ್ಲಿ ಉಳಿಯಲ್ಲಿ ಕೆತ್ತಿಸಿದೆವು.

ಪುಟ್ಟ: ಮಾಲೀಕರಿಗೆ ಫೋನ್ ಮಾಡಿದೆ. ಚೇಂಬರ್ ಎಲ್ಲಿದೆ ಗೊತ್ತಿಲ್ಲ ಅಂದರು. ಪೋರ್ಟಿಕೊ ಟೈಲ್ಸ್ ಅಡಿಯಲ್ಲಿ ಇರಬಹುದಂತೆ.

ಪಚ್ಚು: 😬

ದೊಡ್ಡಮಾವ: ಚೇಂಬರ್ ಮೇಲೆ ಟೈಲ್ಸಾ! ಎಂಥಾ ಜನ.

ನಾನು: ಒಂದು ಟೈಲ್ ಎಬ್ಬಿಸಲು ಕೇಳು. ಒಡೆದರೆ ನಾವೇ ಹಾಕಿಸಿಕೊಡುತ್ತೇವೆ ಅನ್ನು. ಒಪ್ಪದಿದ್ದರೆ ಚೆಕ್ ಬರೆಯಬೇಡ.

ಪುಟ್ಟ: ಗೊಣಗಿದರು, ಒಪ್ಪಿದರು. ನಾಳೆ 10 ಗಂಟೆಗೆ. ಮುಚ್ಚಳ ಎತ್ತಲು ಹಾರೆ ಬೇಕಲ್ಲ, ಯಾರ ಹತ್ತಿರ ಇದೆ?

ದೊಡ್ಡಮಾವ: ನನ್ನ ಹತ್ತಿರ ಇದೆ. ಆದರೆ ನಾನು ಬರುವುದಿಲ್ಲ.

ಪುಟ್ಟ: ಹಾರೆ ಸಾಕು ಮಾವ.