ಸಹಾಯ ಬೇಕು: ಮನೆ ಕಂಪ್ಯೂಟರಿಗೆ ವೆಬ್ ಸರ್ವರ್ ಆಗಿ ಅಪಾಚೆ ಸಾಕಾ, ಎಂಜಿನ್‌ಎಕ್ಸ್ ಬೇಕಾ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಮಾವನ ಮಂಡಕ್ಕಿ ಅಂಗಡಿಯ ಉದ್ರಿ ಲೆಕ್ಕಕ್ಕೆ ಪಿಎಚ್‌ಪಿಯಲ್ಲಿ ಚಿಕ್ಕದೊಂದು ಪ್ರೋಗ್ರಾಂ ಬರೆದಿದ್ದೇನೆ. ಅದನ್ನು ಬ್ರೌಸರಿನಲ್ಲಿ ತೆರೆಯಲು ಪುಟ ಕಳಿಸುವ ಪ್ರೋಗ್ರಾಂ, ಅಂದರೆ ವೆಬ್ ಸರ್ವರ್ ಬೇಕು. ಅಂಗಡಿ ಮನೆ ಮುಂದೆಯೇ ಇದೆ, ವೈಫೈ ಒಂದೇ. ವಿಂಡೋಸ್ 10, 4 ಜಿಬಿ ರ್‍ಯಾಮ್.

ಮೊದಲು ಎಕ್ಸಾಂಪ್ (ಅಪಾಚೆ, ಪಿಎಚ್‌ಪಿ ಎಲ್ಲ ಒಟ್ಟಿಗೆ ಬರುವ ಪ್ಯಾಕೇಜ್) ಹಾಕಿದೆ. ಅಪಾಚೆ ಶುರುವಾದ ಹಾಗೆ ಮಾಡಿ ತಕ್ಷಣ ನಿಂತುಹೋಗುತ್ತಿತ್ತು. ಯಾವ ಪೋರ್ಟ್ ಯಾರ ಕೈಯಲ್ಲಿದೆ ಎಂದು ತೋರಿಸುವ ನೆಟ್‌ಸ್ಟಾಟ್ ಕಮಾಂಡಿನಲ್ಲಿ ನೋಡಿದರೆ 80ನೇ ಪೋರ್ಟನ್ನು (ವೆಬ್ ಸರ್ವರ್ ಮಾಮೂಲಾಗಿ ಬಳಸುವ ನೆಟ್‌ವರ್ಕ್ ಬಾಗಿಲು) ಪಿಐಡಿ (ಪ್ರೋಸೆಸ್ ನಂಬರ್) 4, ಅಂದರೆ ವಿಂಡೋಸೇ ಹಿಡಿದು ಕೂತಿದೆ! ಯಾವಾಗಲೋ ಸುಮ್ನೆ ಕುತೂಹಲಕ್ಕೆ ಐಐಎಸ್ (ವಿಂಡೋಸಿನದೇ ವೆಬ್ ಸರ್ವರ್) ಆನ್ ಮಾಡಿದ್ದೆ, ಅದರ ಫಲ. ಎಚ್‌ಟಿಟಿಪಿಡಿ ಕಾನ್ಫ್ ಎಂಬ ಅಪಾಚೆ ಸೆಟ್ಟಿಂಗ್ ಫೈಲಿನಲ್ಲಿ ಪೋರ್ಟ್ 8080 ಮಾಡಿದೆ, ಫೈರ್‌ವಾಲ್‌ನಲ್ಲೂ ಬಿಟ್ಟೆ. ಮಾವನ ಮೊಬೈಲಿನಲ್ಲೂ ತೆರೆಯಿತು.

ಅಲ್ಲಿಗೇ ಬಿಡಬೇಕಿತ್ತು. ಗೆಳೆಯನೊಬ್ಬ 'ಅಪಾಚೆ ಭಾರ, ಎಂಜಿನ್‌ಎಕ್ಸ್ ಹಾಕು' ಎಂದ. ಹಾಕಿದೆ. ಎಚ್‌ಟಿಎಂಎಲ್ ಪುಟ ಬರುತ್ತದೆ, ಪಿಎಚ್‌ಪಿ ಫೈಲು ಮಾತ್ರ ಓಡುವ ಬದಲು ಡೌನ್‌ಲೋಡ್ ಆಗುತ್ತದೆ. ಪಿಎಚ್‌ಪಿ-ಸಿಜಿಐಯನ್ನು (ಪಿಎಚ್‌ಪಿ ಕೋಡ್ ಓಡಿಸುವ ಪ್ರೋಗ್ರಾಂ) ಬೇರೆಯಾಗಿ ಓಡಿಸಿ 9000ನೇ ಪೋರ್ಟಿಗೆ ಜೋಡಿಸಬೇಕಂತೆ. ಮೇಲಾಗಿ ನಾನು ಪಾಸ್‌ವರ್ಡ್ ಇಟ್ಟಿರುವುದು ಎಚ್‌ಟಿಆಕ್ಸೆಸ್ ಎಂಬ ಅಪಾಚೆ ಸೆಟ್ಟಿಂಗ್ ಫೈಲಿನಲ್ಲಿ, ಎಂಜಿನ್‌ಎಕ್ಸ್ ಅದನ್ನು ಓದುವುದೇ ಇಲ್ಲ. ಅದರ ವಿಂಡೋಸ್ ಆವೃತ್ತಿ ಇನ್ನೂ ಬೀಟಾ (ಪರೀಕ್ಷಾ ಹಂತದ್ದು) ಎಂದು ಅವರ ದಾಖಲೆಯಲ್ಲೇ ಇದೆ.

ಬಳಸುವವರು ಮೂರೇ ಜನ, ಎಲ್ಲರೂ ಮನೆಯವರು. ಇಷ್ಟಕ್ಕೆ ಎಂಜಿನ್‌ಎಕ್ಸ್‌ನಿಂದ ರ್‍ಯಾಮ್ ನಿಜವಾಗಿ ಜಾಸ್ತಿ ಉಳಿಯುತ್ತದಾ, ಅಥವಾ 8080ರಲ್ಲಿ ಅಪಾಚೆಯನ್ನೇ ಇಟ್ಟುಕೊಳ್ಳಲಾ? ವಿಂಡೋಸ್‌ನಲ್ಲಿ ಎರಡನ್ನೂ ಓಡಿಸಿ ನೋಡಿದವರು ದಯವಿಟ್ಟು ಹೇಳಿ.