ಸೈಕಲಲ್ಲಿ ಗುಡ್ಡೆ ಇಳಿಯುವಾಗ ಹಿಂದಿನ ಬ್ರೇಕ್ ಹಿಡಿಯುದಿಲ್ಲ, ಮರುದಿನ ಬಿಡುದೇ ಇಲ್ಲ, ಎಂತ ಮಾಡುದು ಮಾರಾಯ್ರೆ

ಗುಂಪೆ_ಸವಾರ | ಸೋಮವಾರ ರಾತ್ರಿ
ಮಂಡೆಬೆಚ್ಚದಲ್ಲಿ ಬರೀತಾ ಇದ್ದೇನೆ, ತಪ್ಪಿದ್ರೆ ಬೇಜಾರು ಮಾಡ್ಬೇಡಿ. ಶನಿವಾರ ಆದಿತ್ಯವಾರ ನಾವು ಐದು ಜನ ಪೊಸಡಿ ಗುಂಪೆ ಕಡೆ ಹೋದದ್ದು, ಗುಡ್ಡೆಯ ಬುಡದಲ್ಲಿ ನಮ್ಮವನೇ ಒಬ್ಬನ ಗೇರುಹಿತ್ಲು ಉಂಟು, ಅಲ್ಲಿ ಟೆಂಟ್ ಹಾಕಿ ಎರಡು ದಿನ ಡೌನ್‌ಹಿಲ್ ಕಲಿಯುದು ಅಂತ ಮಳೆಗಾಲ ಇಡೀ ಕೂತು ಪ್ಲ್ಯಾನ್ ಮಾಡಿದ್ದು. ಮೊದಲ ಎರಡು ರನ್ ಫಸ್ಟ್ ಕ್ಲಾಸ್. ಮೂರನೇದ್ರಲ್ಲಿ ಅರ್ಧ ಇಳಿದಾಗ ಹಿಂದಿನ ಬ್ರೇಕ್ ಒತ್ತಿದ್ರೆ ಲಿವರ್ ಸೀದಾ ಗ್ರಿಪ್ಪಿಗೆ ಬಂದು ತಾಗ್ತದೆ, ಹಿಡಿಯುದೇ ಇಲ್ಲ. ಮುಂದಿನದ್ದು ಒಂದ್ರಲ್ಲೇ ಹೇಗೋ ಇಳಿದು ಕೊನೆಗೆ ಮುಳಿಹುಲ್ಲಿನ ಮೇಲೆ ಮಲಗಿದ್ದು, ಮೊಣಕೈಯಲ್ಲಿ ಚರ್ಮ ಇಲ್ಲ ಈಗ. ಹತ್ತು ನಿಮಿಷ ಕೂತು ನೀರು ಕುಡಿದು ನೋಡಿದ್ರೆ ಬ್ರೇಕ್ ಪುನಃ ಸರಿ ಉಂಟು! ಮತ್ತೊಂದು ರನ್, ಪುನಃ ಅದೇ ಕತೆ. ಆದಿತ್ಯವಾರ ಬೆಳಿಗ್ಗೆ ಎದ್ದು ನೋಡಿದ್ರೆ ಲೆಕ್ಕವೇ ಬೇರೆ, ಹಿಂದಿನ ಚಕ್ರ ತಿರುಗುದಿಲ್ಲ, ಪ್ಯಾಡ್ ಡಿಸ್ಕಿಗೆ ಅಂಟಿ ಕೂತಿದೆ. ಉಳಿದ ನಾಲ್ಕು ಜನ ಇಳೀತಾ ಇದ್ರು, ನಾನು ಗಂಜಿ ಬೇಯಿಸ್ತಾ ಕೂತದ್ದು. ಬ್ರೇಕ್ ಡಿಸ್ಕ್ ಬ್ರೇಕ್. ಬೈಕ್ ಅಂದ್ರೆ ಸೈಕಲೇ, ಎರಡು ವರ್ಷ ಹಳತು. ಎಂತ ಆದದ್ದು ಇದು?

ಬದಿಯಡ್ಕ_29
ಕೇಬಲ್ಲಾ, ಆಯಿಲಿನ ಹೈಡ್ರಾಲಿಕ್ಕಾ? ಯಾವ ಕಂಪೆನಿ? ರೋಟರ್, ಅಂದ್ರೆ ಆ ಡಿಸ್ಕ್, ಎಷ್ಟರದ್ದು? ನಿಮ್ಮ ತೂಕ ಎಷ್ಟು? ಬರೀ ಡಿಸ್ಕ್ ಬ್ರೇಕ್ ಅಂದ್ರೆ ಡಾಕ್ಟ್ರ ಹತ್ರ ಹೋಗಿ ನೋವು ಅಂತ ಹೇಳಿ ಸುಮ್ಮನೆ ಕೂತ ಹಾಗಾಯ್ತು.

ಗುಂಪೆ_ಸವಾರ
ಹೈಡ್ರಾಲಿಕ್, ಅದನ್ನೂ ಹೇಳ್ಬೇಕಾ. ಶಿಮಾನೊ, ಬೈಕಿನ ಒಟ್ಟಿಗೇ ಬಂದದ್ದು. ರೋಟರ್ 160 ಮಿಮೀ, ಅದ್ರ ಮೇಲೆ ರೆಸಿನ್ ಪ್ಯಾಡ್ ಓನ್ಲಿ ಅಂತ ಕೆತ್ತಿದ್ದು ಉಂಟು. ತೂಕ 86, ಗಂಜಿ ಉಣ್ಣುವ ಮೊದಲು.

ಪೆರ್ಲ_ಬ್ಲೀಡ್‌ಕಿಟ್
ಏರ್ ಹೊಕ್ಕಿದೆ. ಆಯಿಲ್ ತುಂಬಿ ಒಳಗಿನ ಗಾಳಿ ಹೊರಗೆ ತೆಗೀಬೇಕು, ಅಂದ್ರೆ ಬ್ಲೀಡ್ ಮಾಡಿ. ಬೈಕ್ ಹೇಗೆ ತಗೊಂಡು ಹೋದದ್ದು?

ಗುಂಪೆ_ಸವಾರ
ಪಿಕಪ್ಪಲ್ಲಿ, ಐದೂ ಬೈಕ್ ಮಗುಚಿ ಹಾಕಿ ಹಗ್ಗ ಕಟ್ಟಿ.

ಪೆರ್ಲ_ಬ್ಲೀಡ್‌ಕಿಟ್
ಆಯ್ತಲ್ಲ, ಉತ್ತರ ನೀವೇ ಕೊಟ್ರಿ. ಲಿವರಿನ ಹತ್ರ ಆಯಿಲಿನ ಚಿಕ್ಕ ತೊಟ್ಟಿ ಉಂಟಲ್ಲ, ಅದು ಪೂರ್ತಿ ತುಂಬಿರ್ದಿದ್ರೆ ಮೇಲೆ ಗಾಳಿ ಇರ್ತದೆ, ಬೈಕ್ ಮಗುಚಿದ್ರೆ ಆ ಗಾಳಿ ಹೋಸಿನ ಒಳಗೆ ಹೋಗ್ತದೆ. ಆಮೇಲೆ ಎಷ್ಟು ಒತ್ತಿದ್ರೂ ಒತ್ತುದು ಗಾಳಿಯನ್ನು. ಒಂದು ಫನಲ್, ಒಂದು ಸಿರಿಂಜ್, ಅರ್ಧ ಗಂಟೆಯ ಕೆಲಸ. ನಾನು ನನ್ನ ಮೂರು ಬೈಕಿಗೂ ಪ್ರತಿ ಮಳೆಗಾಲ ಕಳೆದ ಮೇಲೆ ಮಾಡ್ತೇನೆ.

ಬೆಂಗ್ಳೂರ್_ಎಂಡ್ಯೂರೊ
ಗುರೂ ಏರ್ ಅಲ್ಲ, ಹೀಟು. ಮೊದ್ಲೆರಡು ರನ್ ಸರಿಯಿತ್ತು ಅಂದ್ರಲ್ಲ? ಏರ್ ಆಗಿದ್ರೆ ಪಿಕಪ್ಪಿಂದ ಇಳಿಸಿದ ತಕ್ಷಣಾನೇ ಲಿವರ್ ಸ್ಪಂಜ್ ಥರ ಇರ್ತಿತ್ತು. ಹೊಸಬ್ರೆಲ್ಲ ಮಾಡೋದು ಒಂದೇ ತಪ್ಪು, ಮುಂದಿನ ಬ್ರೇಕ್ ಮುಟ್ಟೋಕೆ ಹೆದ್ರಿ ಹಿಂದಿಂದನ್ನ ಮೇಲಿಂದ ಕೆಳಗಿನವರ್ಗೂ ಒತ್ಕೊಂಡೇ ಬರ್ತಾರೆ. 86 ಕೆಜಿ, 160 ರೋಟರ್, ರೆಸಿನ್ ಪ್ಯಾಡ್, ಒಳಗಿನ ಆಯಿಲ್ ಕುದಿಯದೆ ಇನ್ನೇನಾಗತ್ತೆ? ಜೋರಾಗಿ ಒಂದ್ಸಲ ಒತ್ತಿ ಪೂರ್ತಿ ಬಿಡ್ಬೇಕು, ಮತ್ತೆ ತಿರುವಿಗೆ ಮುಂಚೆ ಒತ್ಬೇಕು. ನಂದು ಎರಡೂ ಕಡೆ 203 ರೋಟರ್, ಫೋರ್ ಪಿಸ್ಟನ್, ಇವತ್ತಿನವರ್ಗೂ ಒಂದ್ಸಲಾನೂ ಬಿಸಿಗೆ ಬ್ರೇಕ್ ಫೇಡ್ ಆಗಿಲ್ಲ. ಅಂದ್ಹಾಗೆ ಆ ಗುಡ್ಡ ಎಷ್ಟೆತ್ತರ?

ಗುಂಪೆ_ಸವಾರ
ಸಮುದ್ರಮಟ್ಟದಿಂದ ಸಾವಿರ ಅಡಿ ಚಿಲ್ಲರೆ.

ಬೆಂಗ್ಳೂರ್_ಎಂಡ್ಯೂರೊ
ಅದನ್ನ ಡೌನ್‌ಹಿಲ್ ಅಂತೀರಾ 😄

ಉಪ್ಪಳ_ಪೆಡಲ್
ನಿಮ್ಮ ಊರಿನ ಮಣ್ಣಿನ ದಾರಿಯ ಹಾಗಲ್ಲ ಸ್ವಾಮಿ ಇದು. ಮುರಕಲ್ಲಿನ ಪಾರೆ, ಅದ್ರ ಮೇಲೆ ಕಡಲೆ ಕಾಳಿನ ಹಾಗೆ ಕೆಂಪು ಜಲ್ಲಿ, ಅದ್ರ ಮೇಲೆ ಒಣಗಿದ ಮುಳಿ. ಬ್ರೇಕ್ ಒತ್ತಿದ್ರೆ ಚಕ್ರ ನಿಲ್ತದೆ, ಬೈಕ್ ನಿಲ್ಲುದಿಲ್ಲ. ಒಮ್ಮೆ ಬಂದು ಇಳಿದು ನೋಡಿ, ನಿಮ್ಮ 203 ತಗೊಂಡೇ ಬನ್ನಿ.

ಬೆಂಗ್ಳೂರ್_ಎಂಡ್ಯೂರೊ
ಬರ್ತೀನಿ, ಊಟ ನಿಮ್ದು. ಆದ್ರೂ ಡೌನ್‌ಹಿಲ್ ಬೈಕು ಅಂದ್ರೆ 200 ಮಿಮೀ ಟ್ರಾವೆಲ್ಲು, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ನು. ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲಲ್ಲಿ ಮಾಡೋದು ಇಳಿಯೋದು ಅಷ್ಟೇ.

ಉಪ್ಪಳ_ಪೆಡಲ್
ಇಳಿಯುದೇ ಅಲ್ವಾ ಡೌನ್‌ಹಿಲ್ ಅಂದ್ರೆ?? ನಾವು ಸಣ್ಣದ್ರಲ್ಲಿ ಅಟ್ಲಾಸ್ ಸೈಕಲಲ್ಲಿ ರಬ್ಬರ್ ಬ್ರೇಕ್ ಹಾಕಿಕೊಂಡು ಶಾಲೆಗೆ ಇದೇ ಗುಡ್ಡೆ ಇಳಿದವರು, ಹಿಂದೆ ಕ್ಯಾರಿಯರಲ್ಲಿ ತಮ್ಮನನ್ನೂ ಕೂರಿಸಿ.

ನೀಲೇಶ್ವರ_ಗಲ್ಫ್
ಒಂದು ಕೇಳ್ಬೇಕಿತ್ತು, ಹಿಂದಿನದ್ದು ಯಾವ ಕೈಯಲ್ಲಿ? ನಾನು ದುಬೈಯಿಂದ ತಂದ ಸೆಕೆಂಡ್ ಹ್ಯಾಂಡ್ ಬೈಕಲ್ಲಿ ಮುಂದಿನ ಬ್ರೇಕ್ ಎಡಗೈಗೆ ಇತ್ತು, ಊರಿನ ಅಭ್ಯಾಸದಲ್ಲಿ ಹಿಂದಿನದ್ದು ಅಂತ ಎಡಗೈ ಒತ್ತಿ ಹ್ಯಾಂಡಲ್ ಮೇಲಿಂದ ಹಾರಿದ್ದು, ಎರಡು ಹಲ್ಲು ಹೋಯ್ತು.

ಉಪ್ಪಳ_ಪೆಡಲ್
ಊರಲ್ಲಿ ಬಲಗೈ ಮುಂದಿನದ್ದೇ, ಅದರಲ್ಲಿ ಎಂತ ಸಂಶಯ. ಫುಲ್‌ಫೇಸ್ ಹೆಲ್ಮೆಟ್ ಇರ್ಲಿಲ್ವಾ ನಿಮಗೆ?

ನೀಲೇಶ್ವರ_ಗಲ್ಫ್
ಸೆಕೆಗೆ ಫುಲ್‌ಫೇಸ್ ಹಾಕಿದ್ರೆ ಹಲ್ಲು ಉಳೀತದೆ, ನಾವು ಉಳಿಯುದಿಲ್ಲ.

(ಇದ್ರ ಮೇಲೆ ಹೆಲ್ಮೆಟಿನದ್ದೇ ಹನ್ನೊಂದು ಪೋಸ್ಟ್ ಆಗಿದೆ, ಬೇರೆ ಚರ್ಚೆಗೆ ಹಾಕಿದ್ದೇನೆ, ಅಲ್ಲಿ ಜಗಳ ಮಾಡಿ. – ನಿರ್ವಾಹಕ)

ಪೆರ್ಲ_ಬ್ಲೀಡ್‌ಕಿಟ್
ಬ್ಲೀಡ್ ಮಾಡಿದ್ರಾ?

ಗುಂಪೆ_ಸವಾರ
ಕಿಟ್ ಇಲ್ಲ. ಮಂಗಳೂರಿಗೆ ಹೋಗ್ಬೇಕು.

ಅಡ್ಕ_ತೋಟದವ
ಬೈಕ್ ಇಡುದು ಎಲ್ಲಿ? ನಂದು ಕೊಟ್ಟಿಗೆಯಲ್ಲಿ ಮೈಲುತುತ್ತಿನ ಚೀಲದ ಹತ್ರ ಇಟ್ಟು, ಅಡಕೆಗೆ ಮದ್ದು ಬಿಟ್ಟ ಕೈಯಲ್ಲೇ ಮುಟ್ಟಿ, ರೋಟರ್ ಬೋಲ್ಟ್ ಇಡೀ ಹಸುರು ಹಿಡಿದಿತ್ತು. ಅದೂ ಇರ್ಬಹುದು.

ಗುಂಪೆ_ಸವಾರ
ಇಲ್ಲ ಇಲ್ಲ, ಚಾವಡಿಯಲ್ಲಿ ಇಡುದು. ಹೆಂಡತಿ ಬೈತಾಳೆ ಅದು ಬೇರೆ.

ಬದಿಯಡ್ಕ_29
ಎಲ್ಲರೂ ಶನಿವಾರದ್ದೇ ಮಾತಾಡ್ತಾ ಇದ್ದಾರೆ, ಆದಿತ್ಯವಾರದ ಕತೆ ಯಾರಿಗೂ ಬೇಡ. ರಾತ್ರಿ ಇಡೀ ತಣ್ಣಗಾದ ಬ್ರೇಕ್ ಬೆಳಿಗ್ಗೆ ಚಕ್ರ ಹಿಡಿದು ಕೂತಿದೆ ಅಂದ್ರೆ ಹೀಟ್ ಅಲ್ಲ. ಏರೂ ಅಲ್ಲ, ಗಾಳಿ ಹೊಕ್ಕಿದ್ರೆ ಬ್ರೇಕ್ ಹಿಡಿಯುದಿಲ್ಲ ಅಷ್ಟೆ, ಬಿಡದೆ ಯಾಕೆ ಕೂತ್ಕೊಳ್ತದೆ? ಸವಾರರೇ ಒಂದು ಕೆಲಸ ಮಾಡಿ, ಲಿವರ್ ಒತ್ತಿ ಬಿಡಿ. ಟಪ್ ಅಂತ ವಾಪಸ್ ಬರ್ತದಾ ಅಥ್ವಾ ನಿಧಾನ ಬರ್ತದಾ? ಮತ್ತೆ ಒಂದು ಫೋಟೊ ಹಾಕಿ, ಇಡೀ ಬೈಕಿದ್ದು.

ಗುಂಪೆ_ಸವಾರ
ನಿಧಾನ. ಮುದುಕರು ಚಾಪೆಯಿಂದ ಏಳುವ ಹಾಗೆ. ಫೋಟೊ ಹಾಕಿದ್ದೇನೆ.

ಬದಿಯಡ್ಕ_29
ಎಡದ ಲಿವರಿನ ಕೆಳಗೆ ಟಾಪ್‌ಟ್ಯೂಬಲ್ಲಿ ಪೇಂಟ್ ಗುಳ್ಳೆ ಎದ್ದು ಕಿತ್ತು ಬಂದಿದೆಯಲ್ಲ, ಅದು ಹೇಗೆ ಆದದ್ದು?

ಗುಂಪೆ_ಸವಾರ
ಪಿಕಪ್ಪಲ್ಲಿ ಹಗ್ಗ ಉಜ್ಜಿ ಆಗಿರ್ಬೇಕು.

ಬದಿಯಡ್ಕ_29
ಹಗ್ಗ ಉಜ್ಜಿದ್ರೆ ಗೆರೆ ಬೀಳ್ತದೆ, ಗುಳ್ಳೆ ಏಳುದಿಲ್ಲ. ಈ ಬ್ರೇಕಿಗೆ ಯಾರಾದ್ರೂ ಆಯಿಲ್ ಹಾಕಿದ್ದಾರಾ?

ಗುಂಪೆ_ಸವಾರ
ಹೊಸ ಆಯಿಲ್ ಎಂತ ಹಾಕ್ಲಿಲ್ಲ.

ಗೇರುಹಿತ್ಲಿನ_ಬಾವ
ಬಾವಾ, ಷಷ್ಠಿಯ ಮೊದಲು ಪೇಟೆಯಲ್ಲಿ ಬುಲೆಟ್ ಸರ್ವಿಸಿಗೆ ಕೊಟ್ಟಾಗ ಅದೇ ಮೆಕ್ಯಾನಿಕ್ ಹತ್ರ ಸೈಕಲಿದ್ದೂ ಸ್ವಲ್ಪ ನೋಡು ಹೇಳಿ ಟಾಪ್ ಅಪ್ ಮಾಡ್ಸಿದ್ದು ಎಲ್ಲಿ ಹೋಯ್ತು? ನಾನೇ ಅಲ್ವಾ ಸೈಕಲ್ ಹಿಡ್ಕೊಂಡು ನಿಂತದ್ದು. ಮುಂದಿನದ್ದು ತುಂಬಿ ಇತ್ತು, ಮುಟ್ಟಲಿಲ್ಲ. ಹಿಂದಿನದ್ದಕ್ಕೆ ಡಬ್ಬದಿಂದ ಹೊಯ್ದ, ಸ್ವಲ್ಪ ಚೆಲ್ಲಿತು ಸಹ.

ಗುಂಪೆ_ಸವಾರ
ಅದು ಟಾಪ್ ಅಪ್ ಬಾವ, ಬರೀ ನಾಲ್ಕು ಹನಿ. ಅದು ಬ್ರೇಕ್ ಆಯಿಲೇ, ಇಂಜಿನ್ ಆಯಿಲ್ ಅಲ್ಲ.

ಬದಿಯಡ್ಕ_29
ಸಿಕ್ಕಿತು. ಬುಲೆಟಿಗೆ ಹಾಕುದು ಡಾಟ್ 4. ಶಿಮಾನೊಗೆ ಬೇಕಾದ್ದು ಮಿನರಲ್ ಆಯಿಲ್. ಎರಡೂ ಬ್ರೇಕ್ ಆಯಿಲೇ, ಆದ್ರೆ ಜಾತಿ ಬೇರೆ, ಒಂದಕ್ಕೆ ಮಾಡಿದ ರಬ್ಬರ್ ಸೀಲ್ ಇನ್ನೊಂದಕ್ಕೆ ತಡೆಯುದಿಲ್ಲ, ಉಬ್ಬಿ ಕೂತ್ಕೊಳ್ತದೆ. ನೀವು ಲಿವರ್ ಬಿಟ್ಟಾಗ ಪ್ಯಾಡ್ ಒತ್ತುವ ಪಿಸ್ಟನ್ ವಾಪಸ್ ಎಳೆಯುದು ಅದ್ರ ಸುತ್ತ ಇರುವ ಆ ಸೀಲೇ, ಸ್ವಲ್ಪ ತಿರುಚಿಕೊಂಡು ಪುನಃ ಮೊದಲಿನ ಹಾಗೆ ಆಗ್ತದೆ, ಪಿಸ್ಟನ್ ಅದ್ರ ಒಟ್ಟಿಗೆ ಹಿಂದೆ ಬರ್ತದೆ. ಸೀಲ್ ಉಬ್ಬಿದ್ರೆ ಬರುದಿಲ್ಲ. ಪ್ಯಾಡ್ ಯಾವಾಗಲೂ ಡಿಸ್ಕ್ ಉಜ್ಜಿಕೊಂಡೇ ಇರ್ತದೆ, ನೀವು ಬ್ರೇಕ್ ಒತ್ತದೇ ಇದ್ರೂ. ಶನಿವಾರ ಬೆಂಗಳೂರಿನವರು ಹೇಳಿದ ಹಾಗೆ ಕುದಿದದ್ದು ನಿಜ, ಆದ್ರೆ ಕುದಿಸಿದ್ದು ಈ ಉಜ್ಜಾಟ. ಆದಿತ್ಯವಾರ ಪೂರ್ತಿ ಜಾಮ್. ಡಾಟ್ ಬಿದ್ದಲ್ಲಿ ಪೇಂಟ್ ಏಳ್ತದೆ, ಅದೇ ನಿಮ್ಮ ಗುಳ್ಳೆ.
ನಂಬಿಕೆ ಇಲ್ಲದಿದ್ರೆ ಲಿವರಿನ ಮೇಲಿನ ಸ್ಕ್ರೂ ತೆಗೆದು ಎರಡು ಹನಿ ಒಂದು ಲೋಟ ನೀರಿಗೆ ಬಿಡಿ. ಮಿನರಲ್ ಆದ್ರೆ ತೆಂಗಿನೆಣ್ಣೆಯ ಹಾಗೆ ತೇಲ್ತದೆ, ಡಾಟ್ ಆದ್ರೆ ನೀರಲ್ಲಿ ಕರಗಿ ಹೋಗ್ತದೆ. ಆಮೇಲೆ ಆ ಲೋಟದಲ್ಲಿ ಚಾ ಕುಡೀಬೇಡಿ.

ಬೆಂಗ್ಳೂರ್_ಎಂಡ್ಯೂರೊ
ನಾನು ಹೀಟು ಅಂದಿದ್ದೆ ಅಲ್ವಾ. ಅರ್ಧ ಮಾರ್ಕ್ಸ್ ಕೊಡಿ.

ಪೆರ್ಲ_ಬ್ಲೀಡ್‌ಕಿಟ್
ಡಾಟ್ ಆದ್ರೆ ಎಂತ, ಬ್ಲೀಡ್ ಮಾಡಿ ಪೂರ್ತಿ ತೆಗೆದು ಮಿನರಲ್ ತುಂಬಿದ್ರೆ ಆಯ್ತು.

ಬದಿಯಡ್ಕ_29
ಉಬ್ಬಿದ ರಬ್ಬರ್ ನಿಮ್ಮ ಸಿರಿಂಜ್ ನೋಡಿ ಹೆದರಿ ಸಣ್ಣ ಆಗ್ತದಾ? ಶಿಮಾನೊದಲ್ಲಿ ಆ ಸೀಲ್ ಬಿಡಿಯಾಗಿ ಸಿಗುದೂ ಇಲ್ಲ. ಲಿವರ್, ಹೋಸ್, ಪ್ಯಾಡ್ ಕೂರುವ ಕ್ಯಾಲಿಪರ್ ಇಡೀ ಸೆಟ್ ಹೊಸತು ಹಾಕ್ಬೇಕು. ಅಲ್ಲಿವರೆಗೆ ಗುಡ್ಡೆಗೆ ಹೋಗ್ಲೇಬೇಡಿ ಸವಾರರೇ, ಮುಂದಿನ ಒಂದೇ ಬ್ರೇಕಲ್ಲಿ ಜಲ್ಲಿಯ ಮೇಲೆ ಇಳಿಯುದು ಮೊಣಕೈಯಲ್ಲಿ ಮುಗಿದದ್ದು ನಿಮ್ಮ ಪುಣ್ಯ.

ಗುಂಪೆ_ಸವಾರ | ಗುರುವಾರ
ಲೋಟದ ಪರೀಕ್ಷೆ ಆಯ್ತು. ಅರ್ಧ ತೇಲಿತು, ಅರ್ಧ ಮಾಯ. ಎರಡೂ ಸೇರಿ ಒಂಥರಾ ಕಂದು ಬಣ್ಣ, ಮೊದಲು ಗುಲಾಬಿ ಇದ್ದ ನೆನಪು. ನಾಲ್ಕು ಹನಿಗೆ ಇಷ್ಟು ಆಗ್ತದೆ ಅಂತ ಯಾರಿಗೆ ಗೊತ್ತು. ಮೆಕ್ಯಾನಿಕ್ ಹತ್ರ ಕೇಳಿದ್ರೆ ಅವನೂ, ನೀವು ಬ್ರೇಕ್ ಆಯಿಲ್ ಅಂದ್ರಿ ನಾನು ಬ್ರೇಕ್ ಆಯಿಲ್ ಹಾಕಿದೆ ಅಂತಾನೆ, ಅವನದ್ದೂ ತಪ್ಪಲ್ಲ ಬಿಡಿ. ಹಿಂದಿನದ್ದು ಸೆಟ್ ಆರ್ಡರ್ ಮಾಡಿದ್ದೇನೆ, ರೋಟರ್ 180 ಹಾಕ್ಬಹುದಾ?

ಬದಿಯಡ್ಕ_29
ಫ್ರೇಮಿಗೆ ಆಗ್ತದಾ ನೋಡಿ, ಆದ್ರೆ ಅಡಾಪ್ಟರ್ ಬೇಕು. ಹಳೇ ಪ್ಯಾಡ್ ಬಿಸಾಡಿ. ಹೊಸ ರೋಟರ್ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಕೈ ತಾಗಿಸ್ಬೇಡಿ. ಮತ್ತೆ ಸೀದಾ ಗುಂಪೆ ಹತ್ತುದಲ್ಲ, ಮೊದಲು ಸಮತಟ್ಟು ರಸ್ತೆಯಲ್ಲಿ ಸ್ಪೀಡ್ ಹೋಗಿ ಪೂರ್ತಿ ನಿಲ್ಲಿಸದೆ ಸ್ಲೋ ಮಾಡುದು, ಒಂದಿಪ್ಪತ್ತು ಸಲ. ಆಗ ಪ್ಯಾಡ್ ಕೂರ್ತದೆ.

ಗೇರುಹಿತ್ಲಿನ_ಬಾವ
ಬಾವಾ, ಗಂಜಿ ಪಾತ್ರೆ ನಿನ್ನ ಪಿಕಪ್ಪಲ್ಲೇ ಉಳಿದಿದೆ, ಅಮ್ಮ ಕೇಳ್ತಾ ಇದ್ದಾಳೆ.

ಪೆರ್ಲ_ಬ್ಲೀಡ್‌ಕಿಟ್
ಹೊಸ ಸೆಟ್ಟಿನ ಹೋಸ್ ಉದ್ದ ಇರ್ತದೆ, ಕಟ್ ಮಾಡಿಯೇ ಹಾಕ್ಬೇಕು. ಕಟ್ ಮಾಡಿದ್ರೆ ಏರ್ ಹೊಕ್ತದೆ. ಆಗ ಬ್ಲೀಡ್ ಮಾಡ್ಲೇಬೇಕು. ನಾನು ಸೋಮವಾರದಿಂದ ಅದನ್ನೇ ಹೇಳ್ತಾ ಇರುದು.